ಟಾಮ್ ಕ್ಲಾನ್ಸಿಯ ಪರವಾಗಿ ಒಂದು ತಕರಾರು

ಗೂಢಚಾರ ಕಾದಂಬರಿಯ ಮಾತು ಬಂದಾಗಲೆಲ್ಲ ನಮ್ಮ ಸಾಹಿತ್ಯವಲಯದಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ: ಜಾನ್ ಲೆ ಕಾರೆ ಸಾಹಿತಿ, ಟಾಮ್ ಕ್ಲಾನ್ಸಿ ಶಸ್ತ್ರಾಸ್ತ್ರಗಳ ಕ್ಯಾಟಲಾಗು ಬರೆದವನು. ಹೀಗೆ ಹೇಳುವವರಲ್ಲಿ ಕ್ಲಾನ್ಸಿಯನ್ನು ಐವತ್ತು ಪುಟ ದಾಟಿ ಓದಿದವರು ನನಗೆ ಹೆಚ್ಚು ಸಿಕ್ಕಿಲ್ಲ. ಓದಿದವರು ಕೂಡ ರೈಲಿನಲ್ಲಿ ಓದಿ ಸೀಟಿನ ಮೇಲೇ ಬಿಟ್ಟುಬಂದೆ ಎನ್ನುತ್ತಾರೆ, ಮನೆಗೆ ತಂದರೆ ಮರ್ಯಾದೆ ಹೋದೀತು ಎಂಬಂತೆ. ಈಚೆಗೆ ಒಂದು ವಿಚಾರ ಸಂಕಿರಣದಲ್ಲಿ ಅದೇ ಮಾತು ಮತ್ತೆ ಕಿವಿಗೆ ಬಿತ್ತು. ಸಭೆ ತಲೆದೂಗಿತು. ತಲೆದೂಗದವರ ಪೈಕಿ ನಾನೊಬ್ಬ. ಏಕೆಂದು ಹೇಳುವುದಕ್ಕೆ ಅಲ್ಲಿ ಹೊತ್ತಿರಲಿಲ್ಲ.

ಎರಿಕ್ ಆಂಬ್ಲರ್, ಗ್ರಹಾಂ ಗ್ರೀನ್, ಲೆ ಕಾರೆ ಎಂಬ ವಂಶಾವಳಿಯನ್ನು ಇಲ್ಲಿ ಮತ್ತೆ ಒಪ್ಪಿಸುವುದಿಲ್ಲ. ಓದುಗರಿಗೆ ಅದು ಗೊತ್ತು. ನನ್ನ ತಕರಾರಿಗೆ ಎರಡೇ ಪುಸ್ತಕ ಸಾಕು: 1989ರಲ್ಲಿ ಬಂದ ಕ್ಲಾನ್ಸಿಯ ‘ಕ್ಲಿಯರ್ ಅಂಡ್ ಪ್ರೆಸೆಂಟ್ ಡೇಂಜರ್’, 1993ರಲ್ಲಿ ಬಂದ ಲೆ ಕಾರೆಯ ‘ದ ನೈಟ್ ಮ್ಯಾನೇಜರ್’. ಇಬ್ಬರೂ ಕೈಹಾಕಿದ್ದು ಒಂದೇ ವಸ್ತುವಿಗೆ. ಕೊಲಂಬಿಯಾದ ಕೊಕೇನ್ ದಣಿಗಳು, ಅವರ ಜೊತೆ ಕೈಕುಲುಕುವ ಪರದೇಶದ ಸಂಚುಗಾರ, ನಡುವೆ ಸಿಕ್ಕಿಬಿದ್ದವರು, ಕೊನೆಗೆ ಸ್ವಂತ ಸರ್ಕಾರವೇ ಅವರ ಕೈಬಿಡುವುದು. ಇಷ್ಟು ಸರಿಯಾಗಿ ಎದುರುಬದುರು ನಿಲ್ಲುವ ಎರಡು ಪುಸ್ತಕ ಇದ್ದೂ ಇವನ್ನು ಜೊತೆಗಿಟ್ಟು ಓದುವ ಗೋಜಿಗೆ ನಮ್ಮವರು ಹೋದದ್ದನ್ನು ನಾನು ಕಂಡಿಲ್ಲ.

ಕ್ಲಾನ್ಸಿಯ ಪುಸ್ತಕದಲ್ಲಿ ಅಧ್ಯಕ್ಷನಿಗೆ ಚುನಾವಣೆ ಎದುರಿಗಿದೆ. ಮಾದಕವಸ್ತುವಿನ ವಿರುದ್ಧ ಏನಾದರೂ ಮಾಡಿ ತೋರಿಸಬೇಕು, ಆದರೆ ಮಾಡಿದ್ದು ಯಾರಿಗೂ ಗೊತ್ತಾಗಬಾರದು. ಸೈನ್ಯದಿಂದ ಸ್ಪ್ಯಾನಿಷ್ ಬಲ್ಲ ಹುಡುಗರನ್ನು ಆರಿಸಿ ಕೊಲಂಬಿಯಾದ ಬೆಟ್ಟಗಳಲ್ಲಿ ಗುಟ್ಟಾಗಿ ಇಳಿಸುತ್ತಾರೆ. ಬೊಗೊಟಾದಲ್ಲಿ ಎಫ್‌ಬಿಐ ನಿರ್ದೇಶಕನ ಕೊಲೆಯಾದ ಮೇಲೆ ವಿಮಾನದಿಂದ ಬಾಂಬು ಬೀಳುತ್ತದೆ. ಚೂರು ಸಿಕ್ಕಿ ಗುಟ್ಟು ರಟ್ಟಾಗದಿರಲೆಂದು ಆ ಬಾಂಬಿಗೆ ಲೋಹದ ಬದಲು ಸೆಲ್ಯುಲೋಸ್ ಹೊದಿಕೆ. ಕ್ಯಾಟಲಾಗು ಎಂದು ಹಳಿಯುವವರು ಈ ಹೊದಿಕೆಯ ವಿವರ ಬಂದಲ್ಲಿ ಪುಟ ಹಾರಿಸುತ್ತಾರೆ. ಕಾದಂಬರಿಯ ನೈತಿಕ ಪ್ರಶ್ನೆ ಇರುವುದೇ ಆ ಹೊದಿಕೆಯಲ್ಲಿ. ಸಾಕ್ಷಿ ಉಳಿಯದಂತೆ ಕೊಲ್ಲುವ ಬಾಂಬು ಬೇಕು ಎಂದು ಯಾವನೋ ಕುರ್ಚಿಯಲ್ಲಿ ಕೂತು ಕೇಳಿದ್ದಾನೆ, ಇನ್ಯಾವನೋ ಅದನ್ನು ತಯಾರಿಸಿ ಕೊಟ್ಟಿದ್ದಾನೆ. ಇದನ್ನು ತಾಂತ್ರಿಕ ವಿವರ ಎಂದು ತಳ್ಳಿಹಾಕುವವರು ಸಾಹಿತ್ಯದಲ್ಲಿ ಏನನ್ನು ಹುಡುಕುತ್ತಾರೋ ನನಗೆ ತಿಳಿಯದು.

ಇನ್ನು ಕ್ಯೂಬಾದ ಗುಪ್ತಚರ ದಳದಿಂದ ಹೊರಬಿದ್ದು ಕಾರ್ಟೆಲಿನ ಸಂಬಳಕ್ಕೆ ನಿಂತ ಫೆಲಿಕ್ಸ್ ಕೋರ್ಟೆಜ್. ಅವನಿಗೆ ಕೊಕೇನ್ ದಣಿಗಳ ಮೇಲೆ ತಿರಸ್ಕಾರ, ಅಮೆರಿಕದ ಮೇಲೆ ಒಂದು ಬಗೆಯ ಗೌರವ, ತನ್ನ ಬುದ್ಧಿಯ ಮೇಲೆ ವಿಪರೀತ ನಂಬಿಕೆ. ಎಫ್‌ಬಿಐ ನಿರ್ದೇಶಕನ ಕಾರ್ಯದರ್ಶಿ ಮೊಯ್ರಾ ವುಲ್ಫ್ ಎಂಬ ವಿಧವೆಯನ್ನು ಪ್ರೀತಿಯ ನಾಟಕವಾಡಿ ಬಲೆಗೆ ಕೆಡವುತ್ತಾನೆ. ಸಾಹೇಬರ ಪ್ರವಾಸದ ಸುದ್ದಿ ಅವಳ ಬಾಯಿಂದಲೇ ಹೊರಬೀಳುತ್ತದೆ. ಗೂಢಚಾರ ಕಾದಂಬರಿಗಳಲ್ಲಿ ಇಂಥ ಹೆಂಗಸು ಸಾಮಾನ್ಯವಾಗಿ ಎರಡು ಪುಟಕ್ಕೆ ಬಂದು ಮರೆಯಾಗುತ್ತಾಳೆ. ಕ್ಲಾನ್ಸಿ ಹಾಗೆ ಬಿಡುವುದಿಲ್ಲ. ತಾನೇ ಸಾಹೇಬರ ಸಾವಿಗೆ ಕಾರಣಳಾದೆ ಎಂದು ಗೊತ್ತಾದಾಗ ಅವಳಿಗೆ ಏನಾಯಿತು, ಸಾಯಲು ಹೊರಟವಳನ್ನು ಯಾರು ಹಿಡಿದು ನಿಲ್ಲಿಸಿದರು ಎಂಬುದಕ್ಕೂ ಅವನ ಬಳಿ ಪುಟಗಳಿವೆ.

ಕೋರ್ಟೆಜ್ ನೇರವಾಗಿ ಅಧ್ಯಕ್ಷನ ರಾಷ್ಟ್ರೀಯ ಭದ್ರತಾ ಸಲಹೆಗಾರ ಕಟರ್‌ನನ್ನು ಹಿಡಿಯುತ್ತಾನೆ. ಬೆಟ್ಟದ ಮೇಲಿನ ನಿಮ್ಮ ಹುಡುಗರನ್ನು ನನಗೆ ಬಿಟ್ಟುಕೊಡಿ, ಕಾರ್ಟೆಲನ್ನು ನಾನು ನೋಡಿಕೊಳ್ಳುತ್ತೇನೆ, ಕೊಕೇನ್ ರವಾನೆ ಕಡಿಮೆಯಾಗುತ್ತದೆ, ನೀವು ಗೆದ್ದಂತೆ ಕಾಣುತ್ತೀರಿ. ಕಟರ್ ಒಪ್ಪುತ್ತಾನೆ. ಆಮೇಲೆ ನಡೆಯುವುದು ಇಷ್ಟೇ: ಪನಾಮಾದಲ್ಲಿದ್ದ ರೇಡಿಯೊ ಕೇಂದ್ರವನ್ನು ಮುಚ್ಚುತ್ತಾರೆ. ರಾತ್ರಿ ಹೊತ್ತು ಬೆಟ್ಟದಲ್ಲಿ ಸಾರ್ಜೆಂಟ್ ಚಾವೆಜ್‌ನ ತಂಡ ಕರೆಯುತ್ತದೆ, ಉತ್ತರವಿಲ್ಲ. ಮತ್ತೆ ಕರೆಯುತ್ತದೆ. ಯಂತ್ರ ಕೆಟ್ಟಿರಬೇಕೆಂದು ಅವರ ಎಣಿಕೆ. ಆ ತುದಿಯಲ್ಲಿ ಈಗ ಯಾರೂ ಕೂತಿಲ್ಲ ಎಂಬುದು ಅವರ ಊಹೆಗೂ ನಿಲುಕದ ಸಂಗತಿ. ಕೆಳಗಿನಿಂದ ಕೋರ್ಟೆಜ್‌ನ ಕೂಲಿಪಡೆ ಬೆಟ್ಟ ಹತ್ತುತ್ತಿದೆ. ದ್ರೋಹವನ್ನು ಇದಕ್ಕಿಂತ ಸರಳವಾಗಿ, ಇದಕ್ಕಿಂತ ಭಯಾನಕವಾಗಿ ತೋರಿಸಿದ ಪುಟಗಳನ್ನು ನಾನು ಈ ಪ್ರಕಾರದಲ್ಲಿ ಬೇರೆಲ್ಲೂ ಓದಿಲ್ಲ. ಯಾರೂ ಯಾರ ಬೆನ್ನಿಗೂ ಚೂರಿ ಹಾಕುವುದಿಲ್ಲ. ಒಂದು ಉಪಕರಣವನ್ನು ಆರಿಸಿ, ಸಿಬ್ಬಂದಿಯನ್ನು ವಾಪಸು ಕರೆಸಿಕೊಳ್ಳುತ್ತಾರೆ, ಅಷ್ಟೆ. ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಮನುಷ್ಯರನ್ನು ಮುಗಿಸುವುದು ಆದೇಶ ಹೊರಡಿಸಿಯಲ್ಲ, ಅರ್ಜಿಗೆ ಉತ್ತರ ಕೊಡದೆ.

ಇದು ಬರೀ ಕಲ್ಪನೆಯೂ ಅಲ್ಲ. ಇರಾನಿಗೆ ಕದ್ದು ಶಸ್ತ್ರ ಮಾರಿ, ಆ ಹಣವನ್ನು ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ದಾಟಿಸಿದ ಹಗರಣ 1986ರಲ್ಲಿ ಬಯಲಾಗಿತ್ತು. ಅದರ ಮಧ್ಯದಲ್ಲಿದ್ದವನು ರಾಷ್ಟ್ರೀಯ ಭದ್ರತಾ ಸಲಹೆಗಾರ, ವೈಸ್ ಅಡ್ಮಿರಲ್ ಜಾನ್ ಪಾಯಿಂಡೆಕ್ಸ್‌ಟರ್. ಕಾದಂಬರಿಯ ಕಟರ್ ಕೂಡ ವೈಸ್ ಅಡ್ಮಿರಲ್ಲೇ. ಕಾಂಟ್ರಾಗಳ ಸುತ್ತ ಇದ್ದವರು ಮಾದಕವಸ್ತು ಸಾಗಾಟದಲ್ಲಿ ಕೈಯಾಡಿಸಿದ್ದರೆಂದು ಸೆನೆಟಿನ ಕೆರ್ರಿ ಸಮಿತಿ ವರದಿ ಮಾಡಿದ್ದು 1989ರಲ್ಲಿ, ಕ್ಲಾನ್ಸಿಯ ಪುಸ್ತಕ ಬಂದ ವರ್ಷವೇ. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸೇನೆ ಪನಾಮಾಕ್ಕೆ ನುಗ್ಗಿತು. ಕೊಕೇನ್ ವ್ಯವಹಾರದ ಆರೋಪ ಹೊರಿಸಿ ಅದು ಹಿಡಿದುತಂದ ಅಲ್ಲಿನ ಸರ್ವಾಧಿಕಾರಿ ನೊರಿಯೇಗ, ಬಹುಕಾಲ ಸಿಐಎಯಿಂದಲೇ ಹಣ ಪಡೆದವನು. ಬೇಲಿ ಹೊಲ ಮೇಯುತ್ತಿದ್ದ ಹೊತ್ತಿನಲ್ಲಿ, ರೇಗನ್ ಮೆಚ್ಚಿದ ಲೇಖಕ, ಮೇರಿಲ್ಯಾಂಡಿನಲ್ಲಿ ವಿಮೆ ಮಾರುತ್ತಿದ್ದ ಬಲಪಂಥೀಯ, ಶ್ವೇತಭವನದ ಒಳಗೇ ಬೆರಳು ತೋರಿಸಿ ಬರೆದ. ಅವನ ರಾಜಕೀಯ ನನಗೆ ಆಗದು. ಆದರೆ ತನ್ನ ಪಾಳೆಯದವರ ಬಗ್ಗೆಯೇ ಇಷ್ಟನ್ನು ಬರೆಯುವುದಕ್ಕೆ ಎದೆಗಾರಿಕೆ ಬೇಕು. ನಮ್ಮ ಎಡದವರಲ್ಲಾಗಲಿ ಬಲದವರಲ್ಲಾಗಲಿ ಅಷ್ಟು ಎದೆಗಾರಿಕೆ ನಾನು ಕಂಡಿಲ್ಲ.

ಈಗ ಲೆ ಕಾರೆ. ‘ದ ನೈಟ್ ಮ್ಯಾನೇಜರ್’ ಸೊಗಸಾದ ಪುಸ್ತಕ, ಅದೇ ಅದರ ತೊಂದರೆ. ಜೂರಿಕ್‌ನ ದೊಡ್ಡ ಹೋಟೆಲಿನ ರಾತ್ರಿ ಪಾಳಿಯ ಮ್ಯಾನೇಜರ್ ಜೊನಾಥನ್ ಪೈನ್, ಶಸ್ತ್ರ ವ್ಯಾಪಾರಿ ರೋಪರ್‌ನ ಬಳಗದೊಳಗೆ ನುಸುಳುತ್ತಾನೆ. ಕೊಲಂಬಿಯಾದವರಿಗೆ ಶಸ್ತ್ರ, ಬದಲಿಗೆ ಕೊಕೇನ್. ಪೈನ್‌ನನ್ನು ಕಳಿಸಿದ ಬರ್‌ನನ್ನು ಲಂಡನ್ನಿನ ಗುಪ್ತಚರ ಸೇವೆಯ ದೊಡ್ಡವರೇ ಮಾರಿಬಿಡುತ್ತಾರೆ. ಎಲ್ಲವೂ ಸರಿ. ಆದರೆ ಆ ದ್ರೋಹ ನಡೆಯುವ ಕೋಣೆಗಳ ಮೇಲೆ ಲೆ ಕಾರೆಗೆ ಎಂಥ ವ್ಯಾಮೋಹ! ಕ್ಲಬ್ಬಿನ ಊಟ, ಹಳೆಯ ಶಾಲೆಯ ನಂಟು, ಅರ್ಧಕ್ಕೇ ನಿಲ್ಲುವ ವಾಕ್ಯ, ಅಪರಾಧಪ್ರಜ್ಞೆಯಲ್ಲಿ ಕುಡಿಯುವ ವಕೀಲ. ಒಂದು ಕಾಲಕ್ಕೆ ಬ್ರಿಟಿಷ್ ಗುಪ್ತಚರ ಸೇವೆಯಲ್ಲೇ ಇದ್ದ ಲೆ ಕಾರೆ, ಅಂದರೆ ಡೇವಿಡ್ ಕಾರ್ನ್‌ವೆಲ್ ಆ ಕೋಣೆಗಳನ್ನು ಬಯ್ಯುತ್ತಾನೆ, ಬಯ್ಯುತ್ತಲೇ ಅಲ್ಲೇ ಕೂತಿರುತ್ತಾನೆ. 1963ರ ‘ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್’ನಲ್ಲಿ ಸಿಟ್ಟಿತ್ತು. ಮೂವತ್ತು ವರ್ಷದ ನಂತರದ ಈ ಪುಸ್ತಕದ ಹೊತ್ತಿಗೆ ಅದು ವಿಷಾದಕ್ಕೆ ಇಳಿದಿದೆ. ಓದುಗನಿಗೆ ದ್ರೋಹ ರುಚಿಸತೊಡಗುತ್ತದೆ.

ಸತ್ತವರನ್ನು ಇಬ್ಬರೂ ಏನು ಮಾಡುತ್ತಾರೆ ಎಂದು ನೋಡಿ. ಲೆ ಕಾರೆಯ ಸೋಫಿ ಕೈರೋದಲ್ಲಿ ಕೊಲೆಯಾಗುತ್ತಾಳೆ. ಅವಳ ಸಾವು ಪುಸ್ತಕದುದ್ದಕ್ಕೂ ಪೈನ್‌ನ ಪಾಪಪ್ರಜ್ಞೆಗೆ ಮೇವು. ಅವಳಿಗೆ ಅದಕ್ಕಿಂತ ಹೆಚ್ಚಿನ ಕೆಲಸವಿಲ್ಲ. ಕ್ಲಾನ್ಸಿಯಲ್ಲಿ, ಕೈಬಿಟ್ಟ ಸೈನಿಕರನ್ನು ಎತ್ತಿಕೊಂಡು ಬರಲು ಹೆಲಿಕಾಪ್ಟರಿನಲ್ಲಿ ಹೋಗುವ ಕಥಾನಾಯಕ ಜ್ಯಾಕ್ ರಯಾನ್‌ನ ಕಣ್ಣೆದುರೇ ಸಾರ್ಜೆಂಟ್ ಜಿಮ್ಮರ್ ಸಾಯುತ್ತಾನೆ. ಅವನಿಗೆ ಏಳು ಮಕ್ಕಳು. ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದು ರಯಾನ್ ಮಾತು ಕೊಡುತ್ತಾನೆ. 1991ರಲ್ಲಿ ಬಂದ ‘ದ ಸಮ್ ಆಫ್ ಆಲ್ ಫಿಯರ್ಸ್’ ತೆರೆದರೆ ಆ ವಿಧವೆ, ಲಾವೋಸ್ ಮೂಲದವಳು, ರಯಾನ್ ನೆರವಿನಿಂದ ಒಂದು ಅಂಗಡಿ ನಡೆಸುತ್ತಿದ್ದಾಳೆ. ಒಂದು ಕಾದಂಬರಿಯಲ್ಲಿ ಕೊಟ್ಟ ಮಾತಿನ ಸಾಲವನ್ನು ಮುಂದಿನ ಕಾದಂಬರಿಯಲ್ಲಿ ತೀರಿಸುವ ಲೇಖಕನನ್ನು ಕ್ಯಾಟಲಾಗುಕಾರ ಎನ್ನುವುದಾದರೆ ಅನ್ನಿ.

ಕ್ಲಾನ್ಸಿಯ ಗದ್ಯ ಒರಟು ಎನ್ನುವ ಆಕ್ಷೇಪ ನಿಜ. ಕೊಲಂಬಿಯಾದ ಬಡವನೊಬ್ಬನೂ ಅವನ ಪುಟಗಳಲ್ಲಿ ಮನುಷ್ಯನಾಗಿ ನಿಲ್ಲುವುದಿಲ್ಲ ಎನ್ನುವುದೂ ನಿಜ. ಲೆ ಕಾರೆಯ ಕೊಲಂಬಿಯಾದವರು ಮಾತ್ರ ನಿಲ್ಲುತ್ತಾರೆಯೇ? ರೋಪರ್‌ನ ವಿಹಾರನೌಕೆಯ ಬಣ್ಣ ಅವರಿಗಿಂತ ಚೆನ್ನಾಗಿ ನೆನಪಿರುತ್ತದೆ. 2016ರ ಬಿಬಿಸಿ ಸರಣಿ ಕೊಲಂಬಿಯಾವನ್ನೂ ಕೊಕೇನನ್ನೂ ಪೂರ್ತಿ ಕೈಬಿಟ್ಟು ಕಥೆಯನ್ನು ಅರಬ್ ದೇಶಗಳತ್ತ ಒಯ್ದಿತು. ಪುಸ್ತಕಕ್ಕೆ ಅದರಿಂದ ಏನೂ ನಷ್ಟವಾಗಲಿಲ್ಲ ಎಂದೇ ಅಭಿಮಾನಿಗಳು ಹೊಗಳಿದರು. ವಸ್ತುವನ್ನೇ ತೆಗೆದರೂ ನಷ್ಟವಾಗದ ಪುಸ್ತಕ ಯಾವುದರ ಬಗ್ಗೆ ಇತ್ತು ಎಂದು ಯಾರೂ ಕೇಳಲಿಲ್ಲ.

ನನಗೆ ಸಿಟ್ಟು ಬರುವುದು ಲೆ ಕಾರೆಯ ಮೇಲಲ್ಲ, ಅವನನ್ನು ಎತ್ತಿ ಕ್ಲಾನ್ಸಿಯನ್ನು ಮೂಲೆಗೆ ತಳ್ಳುವ ನಮ್ಮ ರುಚಿಯ ಮೇಲೆ. ನವ್ಯದ ಕಾಲದಿಂದಲೂ ನಮಗೆ ಒಳಗೊಳಗೇ ನವೆಯುವ ನಾಯಕ ಸಾಹಿತ್ಯ, ಎದ್ದು ಕೆಲಸ ಮಾಡುವ ನಾಯಕ ಮನರಂಜನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಒಂದು ಪೀಳಿಗೆಗೆ ಕನ್ನಡ ಓದುವ ಚಟ ಹತ್ತಿಸಿದ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ಎಷ್ಟು ಜಾಗ ಸಿಕ್ಕಿದೆ, ನೀವೇ ತೆಗೆದು ನೋಡಿ. 1968ರಲ್ಲಿ ‘ಜೇಡರ ಬಲೆ’ಯ ರಾಜಕುಮಾರ್ ಸಿಐಡಿ 999 ಆಗಿ ಬಂದಾಗ ಜನ ಸೀಟಿ ಹೊಡೆದರು, ಬುದ್ಧಿವಂತರು ಮುಖ ತಿರುಗಿಸಿದರು. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ನಾವು ಓದಿದ್ದೂ ಹೀಗೆಯೇ. ಮುಂಬಯಿಯ ಕಂಪನಿಯೊಂದು ನಾಗಪ್ಪನನ್ನು ಅಮಾನತು, ವಿಚಾರಣೆ, ಗುಸುಗುಸುಗಳಿಂದ ಬೇಟೆಯಾಡುವ ಕಥೆ ಅದು. ಸ್ವತಃ ಉದ್ಯಮದಲ್ಲಿ ದುಡಿದ ಲೇಖಕ ಸಂಸ್ಥೆಯೊಂದು ಮನುಷ್ಯನನ್ನು ಹೇಗೆ ಮುಗಿಸುತ್ತದೆ ಎಂಬುದನ್ನು ಅಂಗುಲ ಅಂಗುಲವಾಗಿ ಬರೆದರು. ವಿಮರ್ಶಕರು ಅದರಲ್ಲಿ ಅಸ್ತಿತ್ವವಾದ ಕಂಡರು, ಆಡಳಿತ ಮಂಡಳಿಯನ್ನು ಕಾಣಲಿಲ್ಲ. ತೇಜಸ್ವಿ ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ದಂಪತಿಯನ್ನು ಕಳ್ಳಸಾಗಾಣಿಕೆಯ ಜಾಲಕ್ಕೆ ಕೆಡವಿ, ಬೇಕೆಂದೇ ಪತ್ತೇದಾರಿಯ ಓಟದಲ್ಲಿ ಬರೆದರು. ತೇಜಸ್ವಿ ಎಂಬ ಹೆಸರಿಲ್ಲದಿದ್ದರೆ ಅದು ಬಸ್ ಸ್ಟ್ಯಾಂಡಿನ ಅಂಗಡಿ ದಾಟುತ್ತಿರಲಿಲ್ಲ.

ಕ್ಲಾನ್ಸಿ ಒಂದು ಕಡೆ ಮಾತ್ರ ಓದುಗರಿಗೆ ಸುಳ್ಳು ಹೇಳಿದ್ದಾನೆ, ಅದೂ ನಮ್ಮ ಸಮಾಧಾನಕ್ಕೆ. ಅವನ ಕಟರ್ ಸಿಕ್ಕಿಬಿದ್ದ ಮೇಲೆ ಓಡುತ್ತ ಹೋಗಿ ಬಸ್ಸಿಗೆ ಅಡ್ಡ ಬಿದ್ದು ಸಾಯುತ್ತಾನೆ. ನಿಜದ ಪಾಯಿಂಡೆಕ್ಸ್‌ಟರ್‌ಗೆ 1990ರಲ್ಲಿ ಶಿಕ್ಷೆಯಾಯಿತು, 1991ರಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು, 2002ರ ಹೊತ್ತಿಗೆ ಅವನು ಪೆಂಟಗನ್ನಿನಲ್ಲಿ ಜನರ ಮೇಲೆ ಕಣ್ಣಿಡುವ ಯೋಜನೆಯೊಂದರ ಮುಖ್ಯಸ್ಥನಾಗಿದ್ದ. ಈ ವಿಷಯದಲ್ಲಿ ರೋಪರ್‌ನನ್ನು ಶಿಕ್ಷೆಯಿಲ್ಲದೆ ಬಿಟ್ಟ ಲೆ ಕಾರೆಯೇ ಸರಿ. ಅಷ್ಟನ್ನು ಅವನ ಭಕ್ತರಿಗೆ ಬಿಟ್ಟುಕೊಡುತ್ತೇನೆ.

ಕನ್ನಡದಲ್ಲಿ ಇಂಥದ್ದೊಂದು ಕಾದಂಬರಿ ಬರಬೇಕಾದರೆ ಅದು ಸಾಹಿತ್ಯ ಶಿಬಿರಗಳಿಂದ ಬರುವುದಿಲ್ಲ. ಕಸ್ಟಮ್ಸ್‌ನಲ್ಲಿ, ಅಬಕಾರಿಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದವರೇ, ನೀವು ಬರೆಯಿರಿ. ಯಾವ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದು ನಿಮಗೆ ಗೊತ್ತು. ಹೆಸರು ಬದಲಿಸಿ, ಊರು ಬದಲಿಸಿ, ವಾಕ್ಯ ಒರಟಾದರೂ ಚಿಂತೆಯಿಲ್ಲ. ವಿಮರ್ಶಕರು ಏನಂದಾರು ಎಂದು ಮಾತ್ರ ಯೋಚಿಸಬೇಡಿ; ಅವರು ಐವತ್ತು ಪುಟಕ್ಕಿಂತ ಮುಂದೆ ಓದುವುದಿಲ್ಲ.