ನಂಬರು ಬಲ್ಲವರ ದಫ್ತರು

ಅಜ್ಜನ ಕಾಲದಲ್ಲಿ ನಡೆದ ವಿಭಾಗದ ದಾವೆಯ ಡಿಕ್ರಿ ಬೇಕೆಂದು ತಾಲ್ಲೂಕು ನ್ಯಾಯಾಲಯದ ನಕಲು ವಿಭಾಗದ ಕಿಟಕಿಯ ಮುಂದೆ ನಿಂತವನಿಗೆ ಒಳಗಿನಿಂದ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನಂಬರು ಎಷ್ಟು?" ಜಮೀನು ಯಾವ ಗ್ರಾಮದ್ದು, ವಾದಿಯಾಗಿ ನಿಂತವನು ಹಿರಿಯ ಮಗನೋ ಕಿರಿಯನೋ, ತೀರ್ಪು ಯಾರ ಕಡೆಗಾಯಿತು ಎಂಬುದನ್ನೆಲ್ಲ ಮನೆಯ ಹಿರಿಯರ ಬಾಯಿಂದ ಕೇಳಿ ಕಂಠಸ್ಥ ಮಾಡಿಕೊಂಡು ಬಂದಿದ್ದರೂ, ಓ.ಎಸ್. ಎಂಬ ಅಕ್ಷರಗಳ ಮುಂದೆ ಬರೆಯಬೇಕಾದ ಸಂಖ್ಯೆಯನ್ನೂ ವರ್ಷವನ್ನೂ ಹೇಳಲಾರದವನಿಗೆ ಆ ಕಿಟಕಿಯು ತೆರೆದಿದ್ದೂ ಮುಚ್ಚಿದಂತೆಯೇ ಸರಿ. ನಮ್ಮ ಸಿವಿಲ್ ನ್ಯಾಯಾಲಯಗಳ ದಾಖಲೆಗಳನ್ನು ಹುಡುಕಿ ನಕಲು ಪಡೆಯುವ ಪದ್ಧತಿಯ ಗುಣದೋಷಗಳೆರಡೂ ಈ ಪ್ರಶ್ನೆಯಲ್ಲಿಯೇ ಅಡಕವಾಗಿವೆಯೆಂದು ನನ್ನ ಅಭಿಪ್ರಾಯ. ನಂಬರು ಬಲ್ಲವನ ಮಟ್ಟಿಗೆ ಅದು ಬಹುಪಾಲು ಸುವ್ಯವಸ್ಥಿತವಾದ ಪದ್ಧತಿ. ಅರಿಯದವನ ಮಟ್ಟಿಗೆ ಅದು ಪದ್ಧತಿಯೇ ಅಲ್ಲ.

ಗುಣವನ್ನು ಮೊದಲು ಹೇಳುವುದು ನ್ಯಾಯ. ಸಾರ್ವಜನಿಕ ದಸ್ತಾವೇಜನ್ನು ನೋಡುವ ಹಕ್ಕುಳ್ಳವನು ಶುಲ್ಕ ತೆತ್ತು ಕೇಳಿದಾಗ ಅದರ ದೃಢೀಕೃತ ನಕಲನ್ನು ಕೊಡತಕ್ಕದ್ದೆಂದು 1872ರ ಸಾಕ್ಷ್ಯ ಅಧಿನಿಯಮವು ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ವಿಧಿಯನ್ನು ಕೈಬಿಟ್ಟಿಲ್ಲ. ಅರ್ಜಿಯಲ್ಲಿ ದಾವೆಯ ನಂಬರು, ಉಭಯ ಪಕ್ಷದವರ ಹೆಸರು, ವಿಲೇವಾರಿಯಾದ ದಿನಾಂಕ ಇವನ್ನು ಬರೆದು, ಬೇಕಾದದ್ದು ದಾವಾಪತ್ರವೋ ಆದೇಶ ಪಟ್ಟಿಯೋ ತೀರ್ಪೋ ಡಿಕ್ರಿಯೋ ನಿಶಾನೆಯಾದ ದಸ್ತಾವೇಜೋ ಎಂಬುದನ್ನು ಬಿಡಿಬಿಡಿಯಾಗಿ ಕಾಣಿಸಿ, ಕೋರ್ಟ್ ಫೀ ಹಚ್ಚಿ ಸಲ್ಲಿಸಿದರೆ, ಮುಂದಿನ ಕೆಲಸವು ತಕ್ಕಮಟ್ಟಿಗೆ ತಾನಾಗಿಯೇ ಸಾಗುತ್ತದೆ. "ಸಂಪೂರ್ಣ ಕಡತದ ನಕಲು ದಯಪಾಲಿಸಬೇಕು" ಎಂದು ಒಂದೇ ಸಾಲಿನಲ್ಲಿ ಬೇಡಿಕೊಳ್ಳುವವರು ಹಣವನ್ನೂ ಕಾಲವನ್ನೂ ಕೂಡಿಯೇ ಕಳೆದುಕೊಳ್ಳುತ್ತಾರೆ.

ಹೀಗೆ ಕೈಸೇರಿದ ನಕಲಿನಲ್ಲಿ ಅನೇಕರು ತೀರ್ಪನ್ನು ಮಾತ್ರ ಓದಿ, ಅದರ ಕೊನೆಯಲ್ಲಿ ಒತ್ತಿದ ಮುದ್ರೆಯನ್ನು ಅಲಕ್ಷಿಸುವುದುಂಟು. ಅರ್ಜಿ ಬಂದ ದಿನ, ಶುಲ್ಕವನ್ನು ತಿಳಿಸಿದ ದಿನ, ಹಣ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ಒಂದರ ಕೆಳಗೊಂದು ಬರೆದು, ಮೂಲದೊಡನೆ ತಾಳೆ ನೋಡಿದವರ ರುಜುವನ್ನು ಹೊತ್ತ ಆ ಪುಟ್ಟ ಪಟ್ಟಿಯೇ ಮೇಲ್ಮನವಿಯ ಆಯುಸ್ಸನ್ನು ನಿರ್ಣಯಿಸತಕ್ಕದ್ದು. ಮೇಲ್ಮನವಿಗೆ ಹೈಕೋರ್ಟಿನಲ್ಲಿ 90 ದಿನ, ಇತರ ನ್ಯಾಯಾಲಯಗಳಲ್ಲಿ 30 ದಿನ ಎಂಬ ಮಿತಿಯಿದ್ದರೂ, ನಕಲು ಪಡೆಯುವುದಕ್ಕೆ ಅವಶ್ಯವಾಗಿ ಹಿಡಿದ ಕಾಲವನ್ನು ಲೆಕ್ಕದಿಂದ ಬಿಡಬೇಕೆಂದು 1963ರ ಪರಿಸೀಮಾ ಅಧಿನಿಯಮದ 12ನೆಯ ಪ್ರಕರಣವು ಹೇಳುತ್ತದೆ. ಆದರೆ ಅದೇ ಪ್ರಕರಣದ ವಿವರಣೆಯಲ್ಲಿ ಒಂದು ಕೊಕ್ಕೆಯೂ ಉಂಟು: ನಕಲಿಗಾಗಿ ಅರ್ಜಿ ಕೊಡುವುದಕ್ಕೆ ಮೊದಲು ಡಿಕ್ರಿಯನ್ನು ಸಿದ್ಧಪಡಿಸಲು ನ್ಯಾಯಾಲಯವು ಎಷ್ಟೇ ದಿನ ತೆಗೆದುಕೊಂಡಿದ್ದರೂ ಆ ದಿನಗಳು ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ಡಿಕ್ರಿ ತಯಾರಾಗಲಿ, ಆಮೇಲೆ ಅರ್ಜಿ ಕೊಡೋಣವೆಂದು ಕಾಯುವ ಸಂಭಾವಿತನಿಗಿಂತ, ತೀರ್ಪು ಹೊರಬಿದ್ದ ದಿನವೇ ಅರ್ಜಿ ಹಾಕಿ ಮನೆಗೆ ಹೋಗುವವನು ಕ್ಷೇಮವಾಗಿರುತ್ತಾನೆ. ಇಷ್ಟು ಸೂಕ್ಷ್ಮವಾಗಿ ದಿನಗಳನ್ನು ಎಣಿಸಿಡುವ ದಫ್ತರನ್ನು ನಾನು ಮೆಚ್ಚದೆ ಇರಲಾರೆ.

ಆದರೆ ಈ ನೈಪುಣ್ಯವೆಲ್ಲ ಕಡತ ಸಿಕ್ಕಿದ ಮೇಲಿನ ಮಾತು. ಕಡತ ಎಲ್ಲಿದೆಯೆಂಬುದೇ ಮೊದಲನೆಯ ತೊಡಕು. ಮುನ್ಸೀಫ್ ಕೋರ್ಟೆಂದು ಹಿರಿಯರು ಹೇಳಿದ್ದು ಇಂದಿನ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ. ಹಾವೇರಿ ಧಾರವಾಡದಿಂದಲೂ, ಉಡುಪಿ ದಕ್ಷಿಣ ಕನ್ನಡದಿಂದಲೂ ಬೇರೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಮೇಲ್ಮನವಿಯನ್ನು ಹುಡುಕುವವನು ಹಳೆಯ ಜಿಲ್ಲಾ ಕೇಂದ್ರದಲ್ಲಿಯೂ ವಿಚಾರಿಸಬೇಕಾಗುತ್ತದೆ. ಮೇಲ್ಮನವಿ ನಡೆಯುತ್ತಿರುವ ದಾವೆಯ ಕಡತವು ಕೆಳಗಿನ ನ್ಯಾಯಾಲಯದ ಕಪಾಟಿನಲ್ಲಿರದೆ ಮೇಲಕ್ಕೆ ಹೋಗಿರುವುದೂ ಸಾಮಾನ್ಯ. ಗೇಣಿಯ ಜಮೀನಿನ ವಿಷಯವಾದರೆ ನ್ಯಾಯಾಲಯಕ್ಕೆ ಹೋಗುವುದೇ ವ್ಯರ್ಥವಾದೀತು. ಏಕೆಂದರೆ ಭೂ ಸುಧಾರಣಾ ಕಾನೂನಿನ 1974ರ ತಿದ್ದುಪಡಿಯ ತರುವಾಯ ಗೇಣಿದಾರನು ಫಾರಂ 7 ತುಂಬಿ ಅಧಿಭೋಗದ ಹಕ್ಕನ್ನು ಕೇಳಿದ್ದು ಭೂ ನ್ಯಾಯಮಂಡಳಿಯ ಮುಂದೆ, ಆ ಕಾಗದಗಳನ್ನು ಹುಡುಕಬೇಕಾದದ್ದು ತಾಲ್ಲೂಕು ಕಚೇರಿಯಲ್ಲಿ. ಇನ್ನು ಕಲಬುರಗಿ, ಬೀದರ, ರಾಯಚೂರುಗಳಲ್ಲಿ ನಿಜಾಮರ ಆಳ್ವಿಕೆಯ ಕಾಲದ ಕಡತವು ಸಿಕ್ಕಿದರೂ ಅದು ಉರ್ದುವಿನಲ್ಲಿರುತ್ತದೆ. ಬೆಳಗಾವಿಯ ಕಡೆಯ ಹಳೆಯ ಮರಾಠಿ ಕಾಗದವು ಮೋಡಿ ಲಿಪಿಯಲ್ಲಿದ್ದರೆ ಅದನ್ನು ಓದಿ ಹೇಳುವವರನ್ನು ಹುಡುಕುವುದು ಮತ್ತೊಂದು ದಾವೆಯಷ್ಟೇ ಕೆಲಸ.

ನಂಬರನ್ನಾದರೂ ಎಲ್ಲಿ ಹುಡುಕುವುದು? ಅನುಭವಸ್ಥರಾದ ವಕೀಲರ ಗುಮಾಸ್ತರು ಇದಕ್ಕೆ ಹಿಂಬಾಗಿಲುಗಳನ್ನು ಬಲ್ಲರು. ಡಿಕ್ರಿಯ ಮೇಲೆ ಖಾತೆ ಬದಲಾಗಿದ್ದರೆ ಮ್ಯುಟೇಶನ್ ವಹಿಯಲ್ಲಿ ಅದರ ಪ್ರಸ್ತಾಪವಿರುತ್ತದೆ. ತಡೆಯಾಜ್ಞೆಯಿದ್ದರೆ ಪಹಣಿಯ ಕಾಲಂ 11ರಲ್ಲಿ ನಮೂದಾಗಿರಬಹುದು. ತರುವಾಯದ ಕ್ರಯಪತ್ರದ ಪೀಠಿಕೆಯಲ್ಲಿ ಹಕ್ಕಿನ ಮೂಲವನ್ನು ಹೇಳುವಾಗ ದಾವೆಯ ನಂಬರನ್ನು ಬರೆದಿರುವುದೂ ಉಂಟು. ಇವಾವುವೂ ನ್ಯಾಯಾಲಯದ ಸ್ವಂತ ಸಾಧನಗಳಲ್ಲವೆಂಬುದನ್ನು ಗಮನಿಸಬೇಕು. ತನ್ನ ಮನೆಯ ವಸ್ತುವನ್ನು ಹುಡುಕಲು ನೆರೆಮನೆಯವರನ್ನು ಕೇಳಿ ಬಾ ಎಂದು ಯಜಮಾನನೇ ಕಳುಹಿಸಿದಂತಾಯಿತು ಇದು.

2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯು ಈ ಕೊರತೆಯನ್ನು ನೀಗಿಸುವುದೆಂದು ಆಶಿಸಿದ್ದವರಲ್ಲಿ ನಾನೂ ಒಬ್ಬ. ಊರಿನಲ್ಲಿ ಕುಳಿತೇ ಮುಂದಿನ ವಾಯಿದೆಯನ್ನು ತಿಳಿಯುವ, ಇತ್ತೀಚಿನ ಆದೇಶಗಳನ್ನು ಓದಿಕೊಳ್ಳುವ ಅನುಕೂಲವನ್ನು ಅದು ಕಲ್ಪಿಸಿದೆ. ಆ ಪ್ರತಿಯು ಓದುವುದಕ್ಕಲ್ಲದೆ ಮುದ್ರೆಯೊತ್ತಿದ ನಕಲಿಗೆ ಬದಲಲ್ಲವೆಂಬುದನ್ನು ಬಿಟ್ಟರೆ ಉಪಕಾರವು ದೊಡ್ಡದೇ. ಆದರೆ ಅಲ್ಲಿಯೂ ಪ್ರತಿ ಪ್ರಕರಣಕ್ಕೆ 16 ಅಕ್ಷರಾಂಕಗಳ ಸಿ.ಎನ್.ಆರ್. ಎಂಬ ಇನ್ನೊಂದು ನಂಬರನ್ನು ಕೊಟ್ಟರೇ ಹೊರತು, ನಂಬರಿಲ್ಲದವನಿಗೆ ಉಳಿದ ಮುಖ್ಯ ದಾರಿಯೆಂದರೆ ಪಕ್ಷಕಾರರ ಹೆಸರು. ಹೆಸರಿನ ದಾರಿಯೋ ಮುಳ್ಳುಗಳಿಂದ ತುಂಬಿದ್ದು: ದಾವಾಪತ್ರದಲ್ಲಿ "ಬಸಪ್ಪ ಬಿನ್ ಚನ್ನಬಸಪ್ಪ" ಎಂದು ಕನ್ನಡದಲ್ಲಿ ನಿಚ್ಚಳವಾಗಿದ್ದ ಮನುಷ್ಯನು ರೋಮನ್ ಅಕ್ಷರಗಳಿಗೆ ಇಳಿಯುವಾಗ ಒಂದು ಪಕಾರವನ್ನು ಕಳೆದುಕೊಂಡೋ, ಇಲ್ಲದ ಹಕಾರವೊಂದನ್ನು ಗಳಿಸಿಯೋ, ಊರಿನ ಹೆಸರನ್ನು ಇನಿಶಿಯಲ್ ಆಗಿ ಮುಂದಿಟ್ಟುಕೊಂಡೋ ಬೇರೆಯೇ ವ್ಯಕ್ತಿಯಾಗಿ ಹೋಗಿರುತ್ತಾನೆ. ಗಣಕಯಂತ್ರ ಬರುವುದಕ್ಕೆ ಮುಂಚೆ ವಿಲೇವಾರಿಯಾದ ದಾವೆಗಳ ಗತಿಯನ್ನಂತೂ ಕೇಳುವುದೇ ಬೇಡ.

ಮುಖ್ಯ ದೋಷವು ಯಂತ್ರದ್ದಲ್ಲ, ವಹಿಯದು. ದಾವೆಗಳನ್ನು ದಾಖಲಾದ ಕ್ರಮದಲ್ಲಿ ವರ್ಷವರ್ಷವೂ ನಂಬರು ಹಾಕಿ ಬರೆಯತಕ್ಕದ್ದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 4ನೆಯ ಆದೇಶವು ವಿಧಿಸುತ್ತದೆ. ಸ್ಥಿರಾಸ್ತಿಯ ದಾವೆಯಾದರೆ ಚಕ್ಕುಬಂದಿಯನ್ನಾಗಲಿ ಸರ್ವೆ ನಂಬರನ್ನಾಗಲಿ ದಾವಾಪತ್ರದಲ್ಲಿ ಕಾಣಿಸಲೇಬೇಕೆಂದು ಅದೇ ಸಂಹಿತೆಯ 7ನೆಯ ಆದೇಶವು ಕಡ್ಡಾಯಪಡಿಸುತ್ತದೆ. ಹೀಗೆ ಸರ್ವೆ ನಂಬರನ್ನು ವಾದಿಯಿಂದ ಬಲವಂತವಾಗಿ ಬರೆಯಿಸಿಕೊಳ್ಳುವ ನ್ಯಾಯಾಲಯವು, ಆ ಮಾಹಿತಿಯನ್ನು ದಾವಾ ಷೆಡ್ಯೂಲಿನ ಕೊನೆಯ ಪುಟದಲ್ಲಿಯೇ ಕೊಳೆಯಲು ಬಿಟ್ಟು, ಗ್ರಾಮವಾರು ಸೂಚಿಯೊಂದನ್ನು ಸಾರ್ವಜನಿಕರ ಕೈಗೆ ಕೊಡದೆ ಇಷ್ಟು ಕಾಲ ನಡೆದುಕೊಂಡು ಬಂದಿತಲ್ಲ, ಅದೇ ನನಗೆ ಆಶ್ಚರ್ಯ! ಉಪನೋಂದಣಾಧಿಕಾರಿಯ ಕಚೇರಿಯನ್ನು ನೋಡಿ: 1908ರ ನೋಂದಣಿ ಅಧಿನಿಯಮವು ವ್ಯಕ್ತಿಗಳ ಹೆಸರಿಗೊಂದು, ಆಸ್ತಿಗೊಂದು ಹೀಗೆ ಬೇರೆಬೇರೆ ಸೂಚಿಗಳನ್ನು ಇಡಿಸಿತು, ಋಣಭಾರ ಪತ್ರವನ್ನು ಪಡೆಯುವವನು ದಸ್ತಾವೇಜಿನ ನಂಬರನ್ನು ಹೇಳಬೇಕಾಗಿಲ್ಲ, ಸ್ವತ್ತನ್ನು ತೋರಿಸಿದರೆ ಸಾಕು. ದಾವೆ ನಡೆಯುತ್ತಿರುವಾಗ ಕೊಂಡವನು ಅದರ ಫಲಕ್ಕೆ ಬದ್ಧನೆಂದು 1882ರ ಸ್ವತ್ತು ಹಸ್ತಾಂತರ ಅಧಿನಿಯಮದ 52ನೆಯ ಪ್ರಕರಣವು ಸಾರಿರುವುದರಿಂದ, ಕೊಳ್ಳುವವನಿಗೆ ಆ ದಾವೆಯನ್ನು ತಿಳಿಯುವ ಉಪಾಯವೂ ಬೇಕಷ್ಟೆ. ಅದನ್ನರಿತೇ ಮುಂಬಯಿ ಪ್ರಾಂತ್ಯವು 1939ರಲ್ಲಿ ಆ ಪ್ರಕರಣವನ್ನು ತಿದ್ದಿ, ದಾವೆಯ ನೋಟೀಸನ್ನು ನೋಂದಾಯಿಸುವ ಏರ್ಪಾಡನ್ನು ತಂದಿತು. ಆ ವಿವೇಕವನ್ನು ನಾವೂ ಎಂದೋ ಅನುಸರಿಸಬೇಕಾಗಿತ್ತು.

ಪಕ್ಷಕಾರನಲ್ಲದವನ ಪಾಡು ಇನ್ನೂ ಬೇರೆ. ವಾದಿ ಪ್ರತಿವಾದಿಗಳಿಗೆ ಹಕ್ಕಾಗಿ ಸಲ್ಲುವ ನಕಲನ್ನು ಮೂರನೆಯವನು ಕಾರಣವನ್ನು ತೋರಿಸಿ ಬೇಡಬೇಕು. ಮಾಹಿತಿ ಹಕ್ಕಿನ ಅರ್ಜಿಯಿಂದ ಈ ತೊಡಕನ್ನು ದಾಟಬಹುದೆಂದು ನಂಬಿದ್ದವರಿಗೆ, ಗುಜರಾತ್ ಹೈಕೋರ್ಟಿನ ನಿಯಮವೊಂದನ್ನು ಕುರಿತು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ಕೊಟ್ಟ ತೀರ್ಪು ಉತ್ತರ ಹೇಳಿತು: ನ್ಯಾಯಿಕ ಕಡತಗಳ ನಕಲನ್ನು ನ್ಯಾಯಾಲಯದ ನಿಯಮಗಳ ಮೂಲಕವೇ ಪಡೆಯತಕ್ಕದ್ದು. ತೀರ್ಪಿನ ತರ್ಕದಲ್ಲಿ ನನಗೆ ಜಗಳವಿಲ್ಲ. ಮನೆಮನೆಯ ಗುಟ್ಟುಗಳು ತುಂಬಿದ ಕಡತಕ್ಕೆ ಒಬ್ಬ ನ್ಯಾಯಾಧೀಶರ ಕಣ್ಗಾವಲು ಇರುವುದು ಯುಕ್ತವೇ. ಆದರೆ ಜಮೀನು ಕೊಳ್ಳಲು ಹೊರಟ ರೈತನ ಕಾರಣವನ್ನೂ ನೆರೆಯವನ ಸಂಸಾರವನ್ನು ಇಣುಕಿ ನೋಡಬಯಸುವವನ ಕಾರಣವನ್ನೂ ಒಂದೇ ನಮೂನೆಯ ಪ್ರಮಾಣಪತ್ರದಿಂದ ಅಳೆಯುವ ರೂಢಿಯನ್ನು ಮಾತ್ರ ಒಪ್ಪಲಾರೆ.

ಕಡೆಗೆ, ಎಲ್ಲ ಕಾಗದವೂ ಚಿರಕಾಲ ಉಳಿಯುವುದಿಲ್ಲ. 1917ರ ದಾಖಲೆ ನಾಶ ಅಧಿನಿಯಮದ ಮೇರೆಗೆ ಹೈಕೋರ್ಟುಗಳು ನಿಯಮ ಮಾಡಿ, ಯಾವುದನ್ನು ಎಷ್ಟು ಕಾಲ ಇಡಬೇಕೆಂಬುದನ್ನು ಗೊತ್ತುಪಡಿಸಿವೆ. ಅವಧಿ ಮೀರಿದ್ದನ್ನು ನಾಶಪಡಿಸುವುದು ಅಪರಾಧವಲ್ಲ, ಕರ್ತವ್ಯ. ಆದರೆ ಕಿಟಕಿಯಲ್ಲಿ "ಅದೆಲ್ಲ ಹೋಯಿತು" ಎಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ಕೇಳಿ ಹಿಂದಿರುಗುವವನು ತನ್ನ ಕೈಯನ್ನು ತಾನೇ ಕಟ್ಟಿಕೊಂಡಂತೆ. ಮೂಲವು ಕಳೆದುಹೋದಾಗ ಅಥವಾ ನಾಶವಾದಾಗ ಅನ್ಯ ಸಾಕ್ಷ್ಯದಿಂದ ಅದನ್ನು ರುಜುವಾತುಪಡಿಸಲು ಸಾಕ್ಷ್ಯದ ಕಾನೂನು ಅವಕಾಶವನ್ನಿಟ್ಟಿದೆ. ಮನೆಯ ಪೆಟ್ಟಿಗೆಯಲ್ಲಿ ಉಳಿದಿರುವ ಹಳೆಯ ಪ್ರತಿಗೆ ಬೆಲೆ ಬರಬೇಕಾದರೆ, ಮೂಲವಿಲ್ಲವೆಂಬುದನ್ನು ಮೊದಲು ತೋರಿಸಬೇಕು. ಆದುದರಿಂದ ಅರ್ಜಿಯನ್ನು ಲಿಖಿತವಾಗಿಯೇ ಕೊಟ್ಟು, ಇಂಥ ನಂಬರಿನ ಕಡತವು ನಾಶವಾಗಿದೆಯೆಂದು ಅಥವಾ ಹುಡುಕಿದರೂ ದೊರೆತಿಲ್ಲವೆಂದು ದಿನಾಂಕ, ರುಜು, ಮೊಹರುಗಳೊಡನೆ ಹಿಂಬರಹವನ್ನು ಬರೆಯಿಸಿಕೊಂಡ ಮೇಲೆಯೇ ಆ ಕಿಟಕಿಯನ್ನು ಬಿಟ್ಟು ಬರಬೇಕು.