ಸಿಸಿಲಿ ಟೈಸನ್: ಪ್ರಶಸ್ತಿಗಳ ಪಟ್ಟಿಯೂ ಅಭಿನಯದ ತೂಕವೂ

ಚಲನಚಿತ್ರರಂಗದ ಕಲಾವಿದರ ಚರಿತ್ರೆಯನ್ನು ಬರೆಯುವವರು ಗ್ರಂಥದ ಕಡೆಯ ಪುಟಗಳಲ್ಲಿ ಅವರಿಗೆ ಸಂದ ಪ್ರಶಸ್ತಿಗಳನ್ನೂ ಕೈತಪ್ಪಿದ ನಾಮನಿರ್ದೇಶನಗಳನ್ನೂ ವರ್ಷಾನುಕ್ರಮವಾಗಿ ಜೋಡಿಸಿ ಕೊಡುವುದು ರೂಢಿ. ಓದುಗರು ಅದನ್ನು ಯೋಗ್ಯತೆಯ ಪ್ರಮಾಣವೆಂದೇ ಸ್ವೀಕರಿಸುವುದೂ ಉಂಟು. ಆದರೆ ಇಂಥ ಪಟ್ಟಿಯಲ್ಲಿ ಪಡೆದವರ ಶಕ್ತಿ ಎಷ್ಟರಮಟ್ಟಿಗೆ ಪ್ರಕಟವಾಗುತ್ತದೆಯೋ, ಕೊಟ್ಟವರ ದೃಷ್ಟಿಯೂ ಅಷ್ಟೇಮಟ್ಟಿಗೆ ಪ್ರಕಟವಾಗುತ್ತದೆ ಎಂಬುದಕ್ಕೆ ಅಮೆರಿಕದ ನಟಿ ಸಿಸಿಲಿ ಟೈಸನ್‌ಳ ಕಲಾಜೀವನಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಕೆರಿಬಿಯನ್ ಸಮುದ್ರದ ನೆವಿಸ್ ದ್ವೀಪದಿಂದ ವಲಸೆ ಬಂದ ದಂಪತಿಗಳ ಮಗಳಾಗಿ 1924 ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 2021 ರ ಜನವರಿಯಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ಕಾಲವಾದ ಈಕೆಗೆ ದೂರದರ್ಶನವು ಮೂರು ಎಮ್ಮಿ ಪ್ರಶಸ್ತಿಗಳನ್ನೂ ರಂಗಭೂಮಿಯು ಟೋನಿ ಪ್ರಶಸ್ತಿಯನ್ನೂ ಕೊಟ್ಟವು. ಚಲನಚಿತ್ರದ ಅಕಾಡೆಮಿಯಿಂದ ಬಂದದ್ದು ಒಂದೇ ಒಂದು ಆಸ್ಕರ್ ನಾಮನಿರ್ದೇಶನ, ಅದಾಗಿ ನಾಲ್ವತ್ತೈದು ವರ್ಷಗಳು ಕಳೆದ ಮೇಲೆ ಒಂದು ಗೌರವ ಪ್ರಶಸ್ತಿ.

ಆ ನಾಮನಿರ್ದೇಶನ ಬಂದದ್ದು ಮಾರ್ಟಿನ್ ರಿಟ್ ನಿರ್ದೇಶಿಸಿದ, 1972 ರಲ್ಲಿ ತೆರೆಕಂಡ ‘ಸೌಂಡರ್’ ಚಿತ್ರಕ್ಕೆ. ಆರ್ಥಿಕ ಕುಸಿತದ ಕಾಲದ ಲೂಯಿಸಿಯಾನಾ ಪ್ರಾಂತದಲ್ಲಿ ಪರರ ಹೊಲವನ್ನು ಪಾಲಿಗೆ ಉಳುತ್ತಿದ್ದ ಕಪ್ಪು ಜನಾಂಗದ ಸಂಸಾರವೊಂದರ ಕಥೆ ಅದು. ಮಕ್ಕಳ ಹಸಿವನ್ನು ನೋಡಲಾರದೆ ಆಹಾರ ಕದ್ದ ಗಂಡ ಸೆರೆಗೆ ಹೋಗುತ್ತಾನೆ. ಬಿತ್ತನೆ, ಕೊಯ್ಲು, ಮಕ್ಕಳ ಪಾಲನೆ ಎಲ್ಲವೂ ಹೆಂಡತಿ ರೆಬೆಕ್ಕಳ ಹೆಗಲಿಗೆ ಬೀಳುತ್ತವೆ. ಟೈಸನ್ ಈ ಪಾತ್ರವನ್ನು ಅಳುವಿನಿಂದ ಕಟ್ಟಲಿಲ್ಲ. ದುಃಖವನ್ನು ತುಟಿ ಬಿಗಿದು ಒಳಗೇ ಇರಿಸಿಕೊಂಡು, ಕೈಗಳನ್ನು ಮಾತ್ರ ಸದಾ ಕೆಲಸದಲ್ಲಿ ತೊಡಗಿಸಿ, ಆ ಸ್ತ್ರೀಯ ಮನೋದಾರ್ಢ್ಯವನ್ನು ಪ್ರೇಕ್ಷಕನು ತಾನಾಗಿ ಊಹಿಸಿಕೊಳ್ಳುವಂತೆ ಮಾಡಿದಳು. ಇಷ್ಟು ಕಾಲ ತಡೆದಿಟ್ಟದ್ದು ಒಡೆಯುವುದು ಒಂದೇ ಒಂದು ಕಡೆ. ಗಾಯಗೊಂಡ ಕಾಲನ್ನು ಎಳೆದುಕೊಂಡು ಗಂಡ ದೂರದ ದಾರಿಯಲ್ಲಿ ಕಾಣಿಸಿದಾಗ ರೆಬೆಕ್ಕ ಮೊದಲು ದಿಟ್ಟಿಸುತ್ತಾಳೆ, ನಂಬಲಾರದೆ ತಡೆಯುತ್ತಾಳೆ, ಅನಂತರ ಕೈಚಾಚಿ ಅವನ ಹೆಸರನ್ನು ಕೂಗುತ್ತ ಬಯಲ ಹಾದಿಯಲ್ಲಿ ಓಡುತ್ತಾಳೆ. ಆ ಓಟದಲ್ಲಿ ಅಂದಚೆಂದವಿಲ್ಲ, ನಟಿಯೊಬ್ಬಳು ಓಡುತ್ತಿದ್ದಾಳೆಂಬ ಭಾವವಿಲ್ಲ. ದೇಹವೇ ಮನಸ್ಸಿಗಿಂತ ಮುಂದಾಗಿ ಹೊರಟಂತೆ ತೋರುತ್ತದೆ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಸಂಘವು ಆ ವರ್ಷದ ಶ್ರೇಷ್ಠ ನಟಿಯೆಂದು ಆಕೆಯನ್ನು ಆರಿಸಿದ್ದು ಉಚಿತವಾಗಿಯೇ ಇದೆ.

ಆಸ್ಕರ್ ಮಾತ್ರ ‘ಕ್ಯಾಬರೆ’ ಚಿತ್ರದ ಲೈಜಾ ಮಿನೆಲ್ಲಿಗೆ ಸಂದಿತು. ಇದನ್ನು ಅನ್ಯಾಯವೆಂದು ಕರೆಯುವುದು ವಿಮರ್ಶೆಗೆ ತಕ್ಕುದಲ್ಲ. ಮಿನೆಲ್ಲಿಯ ಅಭಿನಯವೂ ಪ್ರಥಮ ಪಂಕ್ತಿಯದೇ. ಅನ್ಯಾಯವನ್ನು ಹುಡುಕಬೇಕಾದದ್ದು ಆ ಒಂದು ಸಂಜೆಯ ತೀರ್ಪಿನಲ್ಲಲ್ಲ, ಅದರ ಹಿಂದುಮುಂದಿನ ದಶಕಗಳಲ್ಲಿ. 1940 ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಮನೆಗೆಲಸದವಳ ಪಾತ್ರಕ್ಕಾಗಿ ಪೋಷಕ ನಟಿಯ ಆಸ್ಕರ್ ಪಡೆದಾಗ ಸಮಾರಂಭದಲ್ಲಿ ಆಕೆಯನ್ನು ಉಳಿದವರಿಂದ ಪ್ರತ್ಯೇಕವಾದ ಮೇಜಿನಲ್ಲಿ ಕೂರಿಸಲಾಗಿತ್ತು. ಮುಖ್ಯ ನಟಿಯ ವರ್ಗದಲ್ಲಿ ಕಪ್ಪು ಸ್ತ್ರೀಯೊಬ್ಬಳ ಹೆಸರು ಕಾಣಿಸಲು 1955 ರವರೆಗೆ, ಡಾರತಿ ಡ್ಯಾಂಡ್ರಿಜ್‌ಳವರೆಗೆ, ಕಾಯಬೇಕಾಯಿತು. ಆ ವರ್ಗದ ಪ್ರಶಸ್ತಿಯೇ ಬರಲು 2002 ರವರೆಗೆ, ಹ್ಯಾಲಿ ಬೆರಿಯವರೆಗೆ, ಕಾಯಬೇಕಾಯಿತು. ಟೈಸನ್‌ಳೊಡನೆ ಡಯಾನಾ ರಾಸ್ ಕೂಡ ಸ್ಪರ್ಧೆಯಲ್ಲಿದ್ದ 1973 ರಂತೆ, ಇಬ್ಬರು ಕಪ್ಪು ನಟಿಯರು ಆ ವರ್ಗದಲ್ಲಿ ಒಟ್ಟಿಗೆ ನಿಂತದ್ದು ಮತ್ತೆ 2021 ರಲ್ಲಿಯೇ.

ಪ್ರಶಸ್ತಿ ಸಂಸ್ಥೆಗಳ ಪರವಾಗಿ ಒಂದು ಸಮಾಧಾನ ಹೇಳಬಹುದು: ತಮ್ಮ ಮುಂದೆ ಬಂದ ಚಿತ್ರಗಳನ್ನಲ್ಲದೆ ಬಾರದ ಚಿತ್ರಗಳನ್ನು ಅವು ತೂಗುವುದೆಂತು? ಮಾತು ನಿಜ. ಆದರೆ ಇದರಿಂದಲೇ ಪಟ್ಟಿಯ ದೊಡ್ಡ ನ್ಯೂನತೆ ಬಯಲಾಗುತ್ತದೆ. ಕಲಾವಿದೆ ಒಲ್ಲೆನೆಂದ ಪಾತ್ರಗಳಿಗೆ ಅದರಲ್ಲಿ ಸ್ಥಳವೇ ಇಲ್ಲ. ‘ಸೌಂಡರ್’ ಚಿತ್ರದ ಪ್ರಚಾರಕ್ಕಾಗಿ ಸಂಚರಿಸುತ್ತಿದ್ದಾಗ ಬಿಳಿಯ ಪತ್ರಕರ್ತನೊಬ್ಬ, ತನ್ನನ್ನು ತನ್ನ ಮಗ ಕರೆಯುವಂತೆಯೇ ಚಿತ್ರದ ಹುಡುಗನೂ ತಂದೆಯನ್ನು ಅಕ್ಕರೆಯಿಂದ ಕರೆಯುವುದನ್ನು ಕೇಳುವವರೆಗೆ ತನ್ನಲ್ಲಿ ಪೂರ್ವಗ್ರಹವಿದೆಯೆಂದೇ ತನಗೆ ತಿಳಿದಿರಲಿಲ್ಲವೆಂದು ಒಪ್ಪಿಕೊಂಡ ಪ್ರಸಂಗವನ್ನು ಟೈಸನ್ ಪದೇಪದೇ ನೆನೆಯುತ್ತಿದ್ದಳು. ತನ್ನ ಜನರನ್ನು ಮನುಷ್ಯರೆಂದು ಕಾಣಿಸುವ ಕೆಲಸವೇ ಇನ್ನೂ ಉಳಿದಿದೆಯೆಂದು ಮನಗಂಡ ಆಕೆ, ಅವರನ್ನು ಕೀಳಾಗಿಸುವ ಯಾವ ಪಾತ್ರವನ್ನೂ ಒಪ್ಪುವುದಿಲ್ಲವೆಂದು ನಿಶ್ಚಯಿಸಿದಳು. ಈ ನಿಶ್ಚಯದಿಂದಾಗಿ ಕೆಲಸವಿಲ್ಲದೆ ಕಳೆದ ಕಾಲವೂ ಉಂಟು. ಪಟ್ಟಿಯಲ್ಲಿ ಅದು ಕೇವಲ ಬರಿದಾದ ಅಂತರವಾಗಿ ಕಾಣುತ್ತದೆ.

ಚಿತ್ರರಂಗ ತೆರೆಯದ ಬಾಗಿಲನ್ನು ದೂರದರ್ಶನ ತೆರೆಯಿತು. ಅರ್ನೆಸ್ಟ್ ಗೇನ್ಸ್‌ನ ಕಾದಂಬರಿಯನ್ನು ಆಧರಿಸಿ ಜಾನ್ ಕಾರ್ಟಿ ನಿರ್ದೇಶಿಸಿದ ‘ದಿ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’ 1974 ರ ಜನವರಿಯಲ್ಲಿ ಪ್ರಸಾರವಾಯಿತು. ದಾಸ್ಯದಲ್ಲಿ ಹುಟ್ಟಿ ನಾಗರಿಕ ಹಕ್ಕುಗಳ ಚಳವಳಿಯ ಕಾಲದವರೆಗೆ ಬದುಕಿದ ಜೇನ್‌ಳ ಯೌವನದಿಂದ ನೂರಹತ್ತನೆಯ ವಯಸ್ಸಿನವರೆಗಿನ ಬಾಳನ್ನು, ಆಗ ಐವತ್ತರ ಅಂಚಿನಲ್ಲಿದ್ದ ಟೈಸನ್ ಒಬ್ಬಳೇ ಅಭಿನಯಿಸಿದಳು. ಪ್ರಸಾಧನಕ್ಕಾಗಿ ಸ್ಟಾನ್ ವಿನ್‌ಸ್ಟನ್ ಮತ್ತು ರಿಕ್ ಬೇಕರ್ ಅವರಿಗೂ ಎಮ್ಮಿ ಬಂದುದರಿಂದ, ಈ ವೃದ್ಧಾಪ್ಯದಲ್ಲಿ ನಟಿಯ ಪಾಲೆಷ್ಟು, ಮುಖಕ್ಕೆ ಹಚ್ಚಿದ ಸಾಮಗ್ರಿಯ ಪಾಲೆಷ್ಟು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಕೊನೆಯ ದೃಶ್ಯದಲ್ಲಿದೆ. ಬಿಳಿಯರಿಗೆ ಮಾತ್ರವೆಂದು ಮೀಸಲಿಟ್ಟ ಕುಡಿಯುವ ನೀರಿನ ನಲ್ಲಿಯತ್ತ ಆ ಮುದುಕಿ ಕೋಲೂರಿ ನಡೆಯುತ್ತಾಳೆ. ಕಾವಲಿನವರು ನೋಡುತ್ತ ನಿಂತಿದ್ದಾರೆ. ಹೆಜ್ಜೆಹೆಜ್ಜೆಗೂ ಭಾರ ಯಾವ ಕಾಲಿನ ಮೇಲಿದೆಯೆಂಬುದು ನಮಗೆ ತಿಳಿಯುತ್ತದೆ. ಬಾಗಿ ನೀರು ಕುಡಿದು, ಅವಸರಪಡದೆ ಹಿಂದಿರುಗುತ್ತಾಳೆ. ವಿಜಯದ ನಗೆಯಿಲ್ಲ, ಘೋಷಣೆಯಿಲ್ಲ. ಚರ್ಮದ ಸುಕ್ಕನ್ನು ಪ್ರಸಾಧಕ ಮೂಡಿಸಬಲ್ಲ. ಶತಮಾನದ ಸಹನೆಯನ್ನು ನಡಿಗೆಯಲ್ಲಿ ಮೂಡಿಸುವುದು ನಟಿಗೆ ಮಾತ್ರ ಸಾಧ್ಯ.

ಈ ಕೃತಿಗೆ ಸಂದ ಒಂಬತ್ತು ಎಮ್ಮಿಗಳಲ್ಲಿ ಎರಡು ಟೈಸನ್‌ಳವು. ಒಂದು ಮುಖ್ಯ ನಟಿಯದು, ಮತ್ತೊಂದು ಆ ಒಂದೇ ವರ್ಷ ನೀಡಿ ಕೈಬಿಟ್ಟ ‘ವರ್ಷದ ನಟಿ’ ಎಂಬ ವಿಶೇಷ ಮನ್ನಣೆ. ಅಮೆರಿಕದಲ್ಲಿ ದೂರದರ್ಶನದ್ದೆನಿಸಿದ ಇದೇ ಅಭಿನಯ ಬ್ರಿಟನ್ನಿನಲ್ಲಿ ಚಿತ್ರಮಂದಿರಗಳಲ್ಲಿ ಪ್ರದರ್ಶಿತವಾದ ಕಾರಣ ಅಲ್ಲಿಯ ಅಕಾಡೆಮಿಯ ಶ್ರೇಷ್ಠ ಚಲನಚಿತ್ರ ನಟಿಯ ಸ್ಪರ್ಧೆಯಲ್ಲಿ ಫೇ ಡನವೇ, ಬಾರ್ಬ್ರಾ ಸ್ಟ್ರೈಸಂಡರೊಡನೆ ನಿಂತಿತು. ಹಿರಿತೆರೆ ಮೇಲು, ಕಿರುತೆರೆ ಕೀಳು ಎಂಬ ತಾರತಮ್ಯ ಅಭಿನಯದ ಗುಣದಿಂದ ಹುಟ್ಟಿದ್ದಲ್ಲ, ವ್ಯಾಪಾರದ ವ್ಯವಸ್ಥೆಯಿಂದ ಹುಟ್ಟಿದ್ದು ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಟೈಸನ್‌ಳ ನಿಷ್ಠೆಗೆ ಒಂದು ಬೆಲೆಯೂ ಇತ್ತೆಂಬುದನ್ನು ಹೇಳದಿದ್ದರೆ ವಿಮರ್ಶೆ ಸ್ತುತಿಯಾದೀತು. ಹ್ಯಾರಿಯೆಟ್ ಟಬ್‌ಮನ್, ಕೊರೆಟ್ಟಾ ಕಿಂಗ್, ಶಿಕ್ಷಕಿ ಮಾರ್ವಾ ಕಾಲಿನ್ಸ್ ಮೊದಲಾದ ಆದರ್ಶ ಸ್ತ್ರೀಯರ ಪಾತ್ರಗಳು ಒಂದರ ಮೇಲೊಂದು ಬಂದಾಗ, ದೋಷದಲ್ಲಿಯೂ ದೌರ್ಬಲ್ಯದಲ್ಲಿಯೂ ಮನುಷ್ಯಸ್ವಭಾವವನ್ನು ತೋರುವ ಅವಕಾಶ ಆಕೆಗೆ ಕಡಿಮೆಯಾಯಿತು. ಅದು ದೊರೆತದ್ದು ತೊಂಬತ್ತರ ವಯಸ್ಸಿನಲ್ಲಿ, ‘ಹೌ ಟು ಗೆಟ್ ಅವೇ ವಿತ್ ಮರ್ಡರ್’ ಧಾರಾವಾಹಿಯ ಒಫೀಲಿಯಾ ಪಾತ್ರದಲ್ಲಿ. ವಯೋಲಾ ಡೇವಿಸ್ ಅಭಿನಯಿಸಿದ ವಕೀಲೆ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತ, ಬಾಲ್ಯದಲ್ಲಿ ಅವಳನ್ನು ಕೆಡಿಸಿದ ಬಂಧುವನ್ನು ತಾನು ಮನೆಗೆ ಬೆಂಕಿಯಿಟ್ಟು ಕೊಂದುದನ್ನು ತಾಯಿ ಹೇಳುವ ದೃಶ್ಯದಲ್ಲಿ, ಮಮತೆಯೂ ಕ್ರೌರ್ಯವೂ ಒಂದೇ ಕೈಯಲ್ಲಿ ನೆಲೆಸಿವೆ. ಈ ಪಾತ್ರಕ್ಕೆ ಅತಿಥಿ ನಟಿಯೆಂದು ಐದು ಸಲ ಎಮ್ಮಿ ನಾಮನಿರ್ದೇಶನವಾಯಿತು; ಒಮ್ಮೆಯೂ ಪ್ರಶಸ್ತಿ ಬರಲಿಲ್ಲ. ನನ್ನ ದೃಷ್ಟಿಯಲ್ಲಿ, 1994 ರಲ್ಲಿ ಪೋಷಕ ನಟಿಯೆಂದು ಬಂದ ಮೂರನೆಯ ಎಮ್ಮಿಗಿಂತ ಬರದೆ ಹೋದ ಈ ಎಮ್ಮಿಗೇ ಆಕೆ ಹೆಚ್ಚು ಅರ್ಹಳಾಗಿದ್ದಳು.

‘ದಿ ಟ್ರಿಪ್ ಟು ಬೌಂಟಿಫುಲ್’ ನಾಟಕದ ಉದಾಹರಣೆ ಇನ್ನೂ ಬೋಧಪ್ರದವಾದದ್ದು. ಹುಟ್ಟೂರನ್ನು ಕಾಣಲು ಹಂಬಲಿಸುವ ವೃದ್ಧೆ ಕ್ಯಾರಿ ವಾಟ್ಸ್‌ಳ ಪಾತ್ರಕ್ಕಾಗಿ ಜೆರಲ್ಡೀನ್ ಪೇಜ್ 1986 ರಲ್ಲಿ ಆಸ್ಕರ್ ಪಡೆದಿದ್ದಳು. ಅದೇ ಪಾತ್ರ ಟೈಸನ್‌ಳಿಗೆ ರಂಗದ ಮೇಲೆ 2013 ರಲ್ಲಿ ಟೋನಿಯನ್ನೂ, ಮರುವರ್ಷ ದೂರದರ್ಶನದಲ್ಲಿ ಎಮ್ಮಿ ನಾಮನಿರ್ದೇಶನವನ್ನೂ ತಂದಿತು. ಬಿಳಿಯಳಿಗಾಗಿ ಬರೆದ ಪಾತ್ರದಲ್ಲಿ ಕಪ್ಪು ನಟಿ ಇಷ್ಟು ಸಹಜವಾಗಿ ಬಾಳಬಲ್ಲಳಾದರೆ, ಅಂಥ ಪಾತ್ರಗಳನ್ನು ದಶಕಗಳ ಕಾಲ ಚಿತ್ರರಂಗ ಆಕೆಗೆ ಕೊಡದೆ ಹೋದದ್ದಕ್ಕೆ ಕಲೆಯ ಕಾರಣ ಯಾವುದೂ ಇರಲಿಲ್ಲವೆಂದೇ ಅರ್ಥ.

2018 ರ ಗೌರವ ಆಸ್ಕರ್ ಸದುದ್ದೇಶದ್ದೇ ಆಗಿರಬಹುದು. ಆದರೂ ಕೊಡಬೇಕಾದ ಕಾಲದಲ್ಲಿ ಪಾತ್ರ ಕೊಡದೆ, ಕಡೆಗೆ ಪ್ರತಿಮೆ ಕೊಟ್ಟರೆ ಋಣ ತೀರದು. ಟೈಸನ್‌ಳಿಗೆ ಸಂದ ನಿಜವಾದ ಮನ್ನಣೆ ಬೇರೆಯೇ ಇದೆ: ಬಾಲ್ಯದಲ್ಲಿ ಜೇನ್ ಪಿಟ್‌ಮನ್‌ಳನ್ನು ಕಂಡು ನಟಿಯಾಗಬೇಕೆಂದು ಬಯಸಿದೆನೆಂದು ವಯೋಲಾ ಡೇವಿಸ್ ಹಲವು ಸಲ ಹೇಳಿದ್ದಾಳೆ, ಮತ್ತು 2021 ರಲ್ಲಿ ಮುಖ್ಯ ನಟಿಯ ಆಸ್ಕರ್ ಸ್ಪರ್ಧೆಯಲ್ಲಿದ್ದ ಇಬ್ಬರು ಕಪ್ಪು ನಟಿಯರಲ್ಲಿ ಆಕೆಯೂ ಒಬ್ಬಳು. ಮತ್ತೊಬ್ಬರಲ್ಲಿ ಕಲೆಯನ್ನು ಹುಟ್ಟಿಸಿದ ಅಭಿನಯವೇ ಶ್ರೇಷ್ಠ ಅಭಿನಯ. ಪ್ರಶಸ್ತಿ ಸಂಸ್ಥೆಗಳ ತೀರ್ಪುಗಳನ್ನು ಆ ಮಾನದಿಂದ ನಾವು ಪರೀಕ್ಷಿಸಬೇಕಲ್ಲದೆ, ಅವುಗಳ ತೀರ್ಪಿನಿಂದ ಅಭಿನಯವನ್ನಲ್ಲ.