ಮೀನಿನ ಬೆಲೆ ಮತ್ತು ಪಿಕೋರೆಸ್ ಮುದುಕಿಯ ಸಿಟ್ಟು

ಸ್ಪೇನಿನ ವಲೆನ್ಸಿಯಾ ನಗರದ ಅಂಚಿನಲ್ಲಿ, ಕಡಲಿಗೆ ಹೊಂದಿಕೊಂಡು ಕಬಾನ್ಯಾಲ್ ಎಂಬ ಮೀನುಗಾರರ ಹಳೆಯ ಕೇರಿ ಇದೆ. ವಿಚಾರ ಸಂಕಿರಣಕ್ಕೆಂದು ಹೋದವಳು ಒಂದು ಮಧ್ಯಾಹ್ನ ಅಲ್ಲಿನ ಪುಟ್ಟ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದೆ. ಗೋಡೆಗೆ ಬಣ್ಣದ ಟೈಲ್ಸು, ಐದಾರು ಮೇಜು, ಒಳಗಿನಿಂದ ಬೆಳ್ಳುಳ್ಳಿಯ ಘಮ. ಕ್ಲೋಚಿನಾ ಎಂಬ ಸ್ಥಳೀಯ ಚಿಪ್ಪುಮೀನನ್ನು ನಿಂಬೆ, ಬೆಳ್ಳುಳ್ಳಿ ಹಾಕಿ ಹಬೆಯಲ್ಲಿ ಬೇಯಿಸಿ ತಂದಿಟ್ಟರು. ತಳದಲ್ಲಿ ಉಳಿದ ರಸಕ್ಕೆ ಬ್ರೆಡ್ ಅದ್ದಿ ತಿನ್ನುವುದೇ ಅದರ ಸುಖ. ಮುಂದೇನು ಹೇಳಲಿ ಎಂದು ಮೆನು ತೆರೆದರೆ, ದೊಡ್ಡ ಸಿಗಡಿಯ ಎದುರು ಬೆಲೆಯೇ ಇಲ್ಲ. 'ಮಾರುಕಟ್ಟೆ ದರದಂತೆ' ಎಂದಷ್ಟೇ ಇದೆ. ಫೆಲೋಶಿಪ್ಪಿನಲ್ಲಿ ಬದುಕುವ ನಾನು 'ದುಬಾರಿಯೇ ಇರಬೇಕು' ಎಂದುಕೊಂಡು ಮೆನು ಮುಚ್ಚಿಟ್ಟೆ. ಮರುಕ್ಷಣವೇ ನಾಚಿಕೆಯಾಯಿತು. ಈ ಮಾತಿನ ಜೊತೆ ಜಗಳಕ್ಕೇ ನಿಂತ ಎರಡು ಕೃತಿಗಳು ಇದೇ ಕಡಲತೀರದವು.

ಒಂದು, ಹೊಆಕಿನ್ ಸೊರೊಯಾ 1894ರಲ್ಲಿ ಬರೆದ ಚಿತ್ರ. ಈಗ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದೆ. ದೋಣಿಯ ಒಡಲಲ್ಲಿ ಗಾಯಗೊಂಡ ಎಳೆಯ ಮೀನುಗಾರ ಬಿದ್ದಿದ್ದಾನೆ. ಇಬ್ಬರು ಹಿರಿಯರು ಆರೈಕೆ ಮಾಡುತ್ತಿದ್ದಾರೆ. ಹಿಂದೆ ಅಂದು ಹಿಡಿದ ಮೀನಿನ ರಾಶಿ. 'ಇಷ್ಟಾದರೂ ಮೀನು ದುಬಾರಿ ಅಂತಾರೆ!' ಎಂಬುದು ಶೀರ್ಷಿಕೆಯ ಅರ್ಥ. ಇನ್ನೊಂದು, ಸೊರೊಯಾನ ಗೆಳೆಯ ವಿಸೆಂತೆ ಬ್ಲಾಸ್ಕೊ ಇಬಾನ್ಯೆಸ್ 1895ರಲ್ಲಿ ಪ್ರಕಟಿಸಿದ ಕಾದಂಬರಿ 'ಫ್ಲೋರ್ ದೆ ಮಾಯೊ'. ನಾನು ಓದಿದ್ದು ಆರ್ಥರ್ ಲಿವಿಂಗ್ಸ್ಟನ್ ಮಾಡಿದ 1921ರ ಇಂಗ್ಲಿಷ್ ಅನುವಾದವನ್ನು. ಹೆಸರು ಒಂದು ದೋಣಿಯದು. ಕೊನೆಯಲ್ಲಿ ದಡದ ಹೆಂಗಸರ ಕಣ್ಣೆದುರೇ ಆ ದೋಣಿ ಒಡೆಯುತ್ತದೆ. ಆಗ ಮೀನು ಮಾರುವ ಪಿಕೋರೆಸ್ ಮುದುಕಿ ಕಡಲಿಗೆ ಬೆನ್ನು ಹಾಕಿ, ನಗರದ ಕಡೆಗೆ ಮುಷ್ಟಿ ಎತ್ತಿ, ಚೌಕಾಸಿ ಮಾಡುವವರಿಗೆಲ್ಲ ಶಾಪ ಹಾಕುತ್ತಾಳೆ.

ಚಿತ್ರದಲ್ಲೂ ಕಾದಂಬರಿಯಲ್ಲೂ ಅಳಲು ಒಂದೇ. ಆದರೆ ಸೊರೊಯಾನ ಚಿತ್ರದಲ್ಲಿ ಈ ಮಾತನ್ನು ಆಡುವವರು ಯಾರೂ ಇಲ್ಲ. ಅಲ್ಲಿ ಹೆಂಗಸರೇ ಇಲ್ಲ. ನೋಡುವ ನಾನು ಮರುಗಿ ಮುಂದಿನ ಚಿತ್ರಕ್ಕೆ ಹೋಗಬಹುದು. ಪಿಕೋರೆಸ್ ಹಾಗೆ ಬಿಡುವುದಿಲ್ಲ. ಅವಳ ಸಿಟ್ಟಿಗೆ ವಿಳಾಸವಿದೆ. ಅದು ಕೊಳ್ಳುವವರ, ತಿನ್ನುವವರ ವಿಳಾಸ. ಮರುಕದಲ್ಲಿ ನನಗೆ ಸಿಗುವ ಸಮಾಧಾನವನ್ನೂ ಅವಳು ಕಿತ್ತುಕೊಳ್ಳುತ್ತಾಳೆ.

ಇದಕ್ಕೊಂದು ಆಕ್ಷೇಪವಿದೆ. ಕಾದಂಬರಿಯ ನಾಯಕ ರೆತೋರ್ ಬಿರುಗಾಳಿಗೆ ದೋಣಿ ಇಳಿಸುವುದು ಹೆಂಡತಿಯೂ ತಮ್ಮನೂ ಸೇರಿ ಮಾಡಿದ ಮೋಸ ತಿಳಿದ ಮೇಲೆ. ಸಾವಿಗೆ ಕಾರಣ ಮನೆಯೊಳಗಿನ ಉರಿ. ಮೀನಿನ ಬೆಲೆಯ ಮಾತು ಕೊನೆಗೆ ಅಂಟಿಸಿದ ನೀತಿ ಎನ್ನಬಹುದು. ಮೊದಲ ಓದಿನಲ್ಲಿ ನನಗೂ ಹಾಗೆಯೇ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಮೋಸ, ಹೊಟ್ಟೆಯುರಿ ಎಲ್ಲರ ಮನೆಯಲ್ಲೂ ಇವೆ. ಆದರೆ ಮನಸ್ಸು ಕೆಟ್ಟ ಮರುಬೆಳಗ್ಗೆಯೂ ಕಡಲಿಗೇ ಇಳಿಯಬೇಕಾದ ಕಸುಬು ಎಲ್ಲರದಲ್ಲ. ಊರಿನವನಾಗಿದ್ದರೆ ರೆತೋರ್ ಬಾಗಿಲು ಹಾಕಿಕೊಂಡು ಅಳುತ್ತಿದ್ದನೇನೋ. ಮುದುಕಿ ಕಾರಣ ಹುಡುಕುತ್ತಿಲ್ಲ, ಲೆಕ್ಕ ಒಪ್ಪಿಸುತ್ತಿದ್ದಾಳೆ.

ಆ ಲೆಕ್ಕವೂ ಪೂರ್ತಿಯಲ್ಲ. ಬೆಲೆ ಏರಿದರೆ ದೋಣಿಯ ಒಡಲಲ್ಲಿ ಬಿದ್ದಿರುವ ಹುಡುಗನಿಗೆ ಎಷ್ಟು ಸೇರುತ್ತದೆ ಎಂದು ಅವಳು ಕೇಳುವುದಿಲ್ಲ. ಬೆಲೆಯನ್ನೇ ಬರೆಯದ ಮೆನುವಿನೆದುರು ಕೂತ ನಾನು ಕೇಳಬೇಕಿದ್ದ ಪ್ರಶ್ನೆಯೂ ಅದೇ.

ಬಡಿಸುವವರನ್ನು ಕರೆದು ಸಿಗಡಿಯ ಅಂದಿನ ದರ ಕೇಳಿದೆ. ಹೇಳಿದರು. ನನ್ನ ಕೈಗೆಟುಕುವಂತಿರಲಿಲ್ಲ. ಉಳಿದ ರಸಕ್ಕೆ ಇನ್ನೊಂದು ತುಂಡು ಬ್ರೆಡ್ ಅದ್ದಿದೆ. ದುಬಾರಿ ಎಂಬ ಮಾತನ್ನು ಮಾತ್ರ ಆಡಲಿಲ್ಲ.